ಬಿಷಪ್ ಆರ್ಥರ್ ಮೈಕಲ್ ಹಾಲಿಸ್: ಪೀಠ ಬಿಟ್ಟು ಬೆಂಗಳೂರಿನಲ್ಲಿ ಪಾಠ ಹೇಳಿದ ಧರ್ಮಶಾಸ್ತ್ರಜ್ಞ

ಬಿಷಪ್ ಆರ್ಥರ್ ಮೈಕಲ್ ಹಾಲಿಸ್ (1899–1986) ಅವರು ಮದರಾಸಿನ ಆಂಗ್ಲಿಕನ್ ಧರ್ಮಾಧ್ಯಕ್ಷರಾಗಿ, ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಪ್ರಥಮ ಮಾಡರೇಟರ್ ಆಗಿ, ಬಳಿಕ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಧರ್ಮಸಭೆಯ ಇತಿಹಾಸದ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದವರು. ಮಿಶನರಿಗಳು ಕಟ್ಟಿ ಬೆಳೆಸಿದ ಸಭೆ ಕೊನೆಗೆ ಯಾರದು ಎಂಬ ಪ್ರಶ್ನೆಯನ್ನು ಸ್ವತಃ ಒಬ್ಬ ಮಿಶನರಿಯಾಗಿದ್ದುಕೊಂಡೇ ಕೇಳಿದವರು. ಕಥೋಲಿಕರಾದ ನಮಗೆ ಅವರ ಹೆಸರು ಅಷ್ಟಾಗಿ ಪರಿಚಿತವಲ್ಲ. ಆದರೆ ನಮ್ಮ ಊರುಗಳಲ್ಲಿ ಸಿ.ಎಸ್.ಐ. ದೇವಾಲಯವನ್ನು ಕಾಣದವರಿಲ್ಲ. ಆ ಸಭೆ ಹೇಗೆ ಹುಟ್ಟಿತು, ಅದಕ್ಕಾಗಿ ಯಾರು ಏನನ್ನು ಕಳೆದುಕೊಂಡರು ಎಂಬುದನ್ನು ತಿಳಿಯಲು ಇವರ ಜೀವನವನ್ನು ನೋಡುವುದು ಒಳ್ಳೆಯ ದಾರಿ.

ಮನೆತನ ಮತ್ತು ವಿದ್ಯಾಭ್ಯಾಸ

ಹಾಲಿಸ್ ಅವರು 1899ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ತಂದೆ ಜಾರ್ಜ್ ಆರ್ಥರ್ ಹಾಲಿಸ್ ಆಂಗ್ಲಿಕನ್ ಧರ್ಮಗುರುಗಳು. ವೆಲ್ಸ್ ಪಟ್ಟಣದ ಗುರುಮಠದಲ್ಲಿ ಬೋಧಿಸಿ, ಮುಂದೆ ಟಾಂಟನ್‌ನ ಬಿಷಪರಾದರು. ಲೀಡ್ಸ್‌ನಲ್ಲಿ ಶಾಲೆ, ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ಉನ್ನತ ವ್ಯಾಸಂಗ ಮುಗಿಸಿದ ಮೈಕಲ್ ಹಾಲಿಸ್, ಗುರುದೀಕ್ಷೆಯ ನಂತರ ಹಡರ್ಸ್‌ಫೀಲ್ಡಿನಲ್ಲಿ ಸಹಾಯಕ ಗುರುಗಳಾಗಿ, ಬಳಿಕ ಆಕ್ಸ್‌ಫರ್ಡಿನ ಹರ್ಟ್‌ಫರ್ಡ್ ಕಾಲೇಜಿನ ಚಾಪ್ಲಿನ್ ಆಗಿ ದುಡಿದರು.

ಅವರ ಇಬ್ಬರು ತಮ್ಮಂದಿರ ಹೆಸರು ಅಣ್ಣನ ಹೆಸರಿಗಿಂತ ಹೆಚ್ಚು ಪ್ರಸಿದ್ಧವಾಯಿತು. ಕ್ರಿಸ್ಟೊಫರ್ ಹಾಲಿಸ್ 1924ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, ಯೇಸುಸಭೆಯವರ ಸ್ಟೋನಿಹರ್ಸ್ಟ್ ಶಾಲೆಯಲ್ಲಿ ಹತ್ತು ವರ್ಷ ಪಾಠ ಹೇಳಿದರು. ಮುಂದೆ ಪಾರ್ಲಿಮೆಂಟ್ ಸದಸ್ಯರಾದರು. ಯೇಸುಸಭೆಯ ಇತಿಹಾಸವನ್ನೂ ಬರೆದರು. ಇನ್ನೊಬ್ಬ ತಮ್ಮ ರೋಜರ್ ಹಾಲಿಸ್ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂ.ಐ.5ರ ಮುಖ್ಯಸ್ಥರಾಗಿದ್ದವರು (1956–65). ಆಂಗ್ಲಿಕನ್ ಬಿಷಪರ ಒಂದೇ ಮನೆಯಿಂದ ಒಬ್ಬ ಮಗ ರೋಮಿನ ಕಡೆಗೆ, ಒಬ್ಬ ಸರಕಾರದ ಗುಟ್ಟಿನ ಕೋಣೆಗೆ, ಹಿರಿಯವನು ತಿರುನೆಲ್ವೇಲಿಯ ಬಿಸಿಲಿಗೆ ಹೊರಟಿದ್ದು ಹೀಗೆ.

ತಮಿಳು ನಾಡಿನಲ್ಲಿ

1931ರಲ್ಲಿ ಹಾಲಿಸ್ ಅವರು ಎಸ್.ಪಿ.ಜಿ. ಎಂಬ ಆಂಗ್ಲಿಕನ್ ಮಿಶನ್ ಸಂಸ್ಥೆಯ ಮೂಲಕ ಭಾರತಕ್ಕೆ ಬಂದು, ತಿರುನೆಲ್ವೇಲಿ ಸೀಮೆಯ ನಾಜರೇತ್ ಎಂಬ ಊರಿನ ಗುರುಮಠದಲ್ಲಿ ಬೋಧಕರಾದರು. ಹಳ್ಳಿಯ ಉಪದೇಶಿಗಳೂ ಪಾಸ್ಟರುಗಳೂ ಆಗಲಿದ್ದ ತಮಿಳು ಯುವಕರಿಗೆ ಪಾಠ ಹೇಳುವ ಕೆಲಸ ಅದು. 1937ರಲ್ಲಿ ಇಂಗ್ಲೆಂಡಿಗೆ ಮರಳಿ ಚಾರ್ಲ್ಟನ್ ಕಿಂಗ್ಸ್ ಎಂಬಲ್ಲಿ ಧರ್ಮಕೇಂದ್ರವನ್ನು ನೋಡಿಕೊಂಡರು. ಎರಡನೇ ಮಹಾಯುದ್ಧ ಆರಂಭವಾದಾಗ ಸೈನ್ಯದ ಚಾಪ್ಲಿನ್ ಆದರು.

1942ರಲ್ಲಿ ಅವರಿಗೆ ಮದರಾಸಿನ ಬಿಷಪ್ ಹುದ್ದೆ ಬಂತು. ಆಗ ಅವರ ವಯಸ್ಸು 43. ಮದರಾಸಿನ ಆಂಗ್ಲಿಕನ್ ಧರ್ಮಪ್ರಾಂತ್ಯ ಎಂದರೆ ಮದರಾಸು ನಗರ ಮಾತ್ರವಲ್ಲ. ಮೈಸೂರು ಸಂಸ್ಥಾನದ ಆಂಗ್ಲಿಕನ್ ಸಭೆಗಳೂ ಅದಕ್ಕೇ ಸೇರಿದ್ದವು. ಬೆಂಗಳೂರು ಕಂಟೋನ್ಮೆಂಟಿನ ಸೈಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿ ಮುಂತಾದ ದೇವಾಲಯಗಳಿಗೆ ಹಾಲಿಸ್ ಅವರೇ ಧರ್ಮಾಧ್ಯಕ್ಷರು. ಬೆಂಗಳೂರಿನ ಆಂಗ್ಲಿಕನರು ಒಬ್ಬ ಮದರಾಸು ಬಿಷಪರ ಕೆಳಗಿದ್ದ ಕಡೆಯ ಐದು ವರ್ಷಗಳು ಇವರ ಕಾಲದವು.

1947ರ ಐಕ್ಯ

1947ರ ಸೆಪ್ಟೆಂಬರ್ 27ರಂದು, ದೇಶ ಸ್ವತಂತ್ರವಾಗಿ ಆರು ವಾರ ಕಳೆಯುವಷ್ಟರಲ್ಲಿ, ಮದರಾಸಿನ ಸೈಂಟ್ ಜಾರ್ಜ್ ಕಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಅಸ್ತಿತ್ವಕ್ಕೆ ಬಂತು. ಸೇರಿದವರು ಮೂರು ಕಡೆಯವರು. ಆಂಗ್ಲಿಕನರ ನಾಲ್ಕು ಧರ್ಮಪ್ರಾಂತ್ಯಗಳು (ಮದರಾಸು, ದೋರ್ನಕಲ್, ತಿರುನೆಲ್ವೇಲಿ, ತಿರುವಾಂಕೂರು-ಕೊಚ್ಚಿ), ಬ್ರಿಟಿಷ್ ಮೆಥೊಡಿಸ್ಟರ ದಕ್ಷಿಣ ಭಾರತ ಪ್ರಾಂತ, ಮತ್ತು ಪ್ರೆಸ್ಬಿಟೇರಿಯನ್ ಹಾಗೂ ಕಾಂಗ್ರೆಗೇಶನಲ್ ಸಭೆಗಳು 1908ರಲ್ಲೇ ಕೂಡಿ ರಚಿಸಿಕೊಂಡಿದ್ದ ದಕ್ಷಿಣ ಭಾರತ ಐಕ್ಯ ಸಭೆ. ಒಟ್ಟು ಸುಮಾರು ಹತ್ತು ಲಕ್ಷ ಜನ, 14 ಧರ್ಮಪ್ರಾಂತ್ಯಗಳು. ತಿರುವಾಂಕೂರಿನ ಬಿಷಪ್ ಸಿ. ಕೆ. ಜೇಕಬ್ ಆ ದಿನದ ವಿಧಿಗಳ ಅಧ್ಯಕ್ಷತೆ ವಹಿಸಿದರು. ಅಂದೇ ಒಂಬತ್ತು ಮಂದಿ ಹೊಸ ಬಿಷಪರಿಗೆ ದೀಕ್ಷೆಯಾಯಿತು. ಅವರಲ್ಲಿ ಮೈಸೂರಿಗೆ ನೇಮಕವಾದ ಪಿ. ಗುರುಶಾಂತ ಮೆಥೊಡಿಸ್ಟ್ ಹಿನ್ನೆಲೆಯವರು. ಮುಂದೆ ಜಗತ್ತಿಗೇ ಹೆಸರಾದ ಧರ್ಮಶಾಸ್ತ್ರಜ್ಞ ಲೆಸ್ಲಿ ನ್ಯೂಬಿಗಿನ್ ಅದೇ ದಿನ ಮಧುರೆ-ರಾಮನಾಡಿನ ಬಿಷಪರಾದರು.

ಈ ಐಕ್ಯಕ್ಕೆ ಮಾತುಕತೆ ಮೊದಲಾದದ್ದು 1919ರಲ್ಲಿ, ಟ್ರಾಂಕ್ವಿಬಾರಿನಲ್ಲಿ. ಅಂದರೆ 28 ವರ್ಷ ಹಿಡಿಯಿತು. ಆ ಮಾತುಕತೆಯ ಮುಂಚೂಣಿಯಲ್ಲಿದ್ದ ದೋರ್ನಕಲ್ಲಿನ ಬಿಷಪ್ ವೇದನಾಯಗಂ ಅಜರಯ್ಯ, ಆಂಗ್ಲಿಕನರ ಮೊದಲ ಭಾರತೀಯ ಬಿಷಪರು, 1945ರ ಜನವರಿ ಒಂದರಂದೇ ತೀರಿಕೊಂಡಿದ್ದರು. ಐಕ್ಯವನ್ನು ಅವರು ಕಾಣಲಿಲ್ಲ.

ಇಷ್ಟು ತಡವಾಗಲು ಕಾರಣವೇನು? ಬೈಬಲ್, ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ, ಪ್ರಭುಭೋಜನ, ಇವುಗಳ ಬಗ್ಗೆ ಒಪ್ಪಂದಕ್ಕೆ ಬರುವುದು ಅಷ್ಟು ಕಷ್ಟವಾಗಲಿಲ್ಲ. ತೊಡಕಾದದ್ದು ಬಿಷಪರ ಪ್ರಶ್ನೆ. ಆಂಗ್ಲಿಕನರಲ್ಲಿ ಬಿಷಪ್ ಕೈಯಿಟ್ಟು ಗುರುದೀಕ್ಷೆ ಕೊಡಬೇಕು. ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಪಾಸ್ಟರುಗಳಿಗೆ ಅಂಥ ದೀಕ್ಷೆ ಆಗಿರಲಿಲ್ಲ. ಹಾಗಾದರೆ ಐಕ್ಯದ ದಿನ ಅವರಿಗೆಲ್ಲ ಮತ್ತೊಮ್ಮೆ ದೀಕ್ಷೆ ಕೊಡಬೇಕೆ? ಕೊಟ್ಟರೆ, ಇಷ್ಟು ವರ್ಷ ಅವರು ಹಂಚಿದ್ದು ಏನು ಎಂಬ ಪ್ರಶ್ನೆ ಏಳುತ್ತದೆ. ಕೊಡದಿದ್ದರೆ, ಪ್ರೇಷಿತರಿಂದ ಬಂದ ಪರಂಪರೆ ಏನಾಯಿತು ಎಂದು ಇನ್ನೊಂದು ಕಡೆಯವರು ಕೇಳುತ್ತಾರೆ.

ಕೊನೆಗೆ ಕಂಡುಕೊಂಡ ದಾರಿ ಇದು. ಇದ್ದ ಪಾಸ್ಟರುಗಳೆಲ್ಲ ಇದ್ದ ಹಾಗೆಯೇ ಹೊಸ ಸಭೆಯ ಪಾಸ್ಟರುಗಳು; ಯಾರಿಗೂ ಮರುದೀಕ್ಷೆ ಇಲ್ಲ. ಇನ್ನು ಮುಂದೆ ಆಗುವ ದೀಕ್ಷೆಗಳೆಲ್ಲ ಬಿಷಪರಿಂದಲೇ. ಹಳೆಯವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತ ಬಂದಂತೆ, ಸುಮಾರು ಮೂವತ್ತು ವರ್ಷಗಳಲ್ಲಿ ಇಡೀ ಸಭೆಯ ಗುರುವರ್ಗ ಬಿಷಪರಿಂದ ದೀಕ್ಷೆ ಪಡೆದದ್ದಾಗಿರುತ್ತದೆ. ಅಷ್ಟರ ತನಕ, ತಮಗೆ ಮನಸ್ಸಾಕ್ಷಿ ಒಪ್ಪದ ಪಾಸ್ಟರರನ್ನು ಯಾವ ಸಭೆಯ ಮೇಲೂ ಹೇರುವುದಿಲ್ಲ ಎಂಬ ವಚನವನ್ನೂ ಕೊಟ್ಟರು. ಕಾಗದದಲ್ಲಿ ನೋಡಿದರೆ ಇದು ಸಡಿಲು ಏರ್ಪಾಡು ಅನ್ನಿಸಬಹುದು. ಆದರೆ ಮನುಷ್ಯರ ಮಾನ ಉಳಿಸುವ ಏರ್ಪಾಡು ಎಂಬುದೂ ನಿಜ.

ಇಲ್ಲಿ ನಮ್ಮ ಓದುಗರಿಗೆ ಒಂದು ವಿಷಯ ನೆನಪಿಸಬೇಕು. ಆಂಗ್ಲಿಕನ್ ಗುರುದೀಕ್ಷೆಗಳು ಸಿಂಧುವಲ್ಲವೆಂದು ಜಗದ್ಗುರು ಹದಿಮೂರನೇ ಲಿಯೊ ಅವರು 1896ರಲ್ಲಿ ತೀರ್ಮಾನ ನೀಡಿದ್ದರು. ಆ ತೀರ್ಮಾನದ ನೋವು ಇಂಗ್ಲೆಂಡಿನ ಆಂಗ್ಲಿಕನರಲ್ಲಿ ಮಾಸಿರಲಿಲ್ಲ. ಮೆಥೊಡಿಸ್ಟ್ ಪಾಸ್ಟರರನ್ನು ದೀಕ್ಷೆಯಿಲ್ಲದೆ ಸೇರಿಸಿಕೊಂಡರೆ ರೋಮ್ ಹೇಳಿದ್ದೇ ನಿಜವಾಗುತ್ತದೆ ಎಂಬ ಅಂಜಿಕೆ ಅವರಲ್ಲಿ ಅನೇಕರಿಗಿತ್ತು. ಕವಿ ಟಿ. ಎಸ್. ಎಲಿಯಟ್ ಅವರು 1943ರಲ್ಲೇ ದಕ್ಷಿಣ ಭಾರತದ ಯೋಜನೆಯ ವಿರುದ್ಧ ‘ರೀಯೂನಿಯನ್ ಬೈ ಡಿಸ್ಟ್ರಕ್ಷನ್’ ಎಂಬ ಕಿರುಹೊತ್ತಗೆ ಬರೆದಿದ್ದರು. ನಮ್ಮ ಕಾಲೇಜುಗಳಲ್ಲಿ ಎಲಿಯಟ್ ಕಾವ್ಯ ಓದಿದವರೆಷ್ಟೋ ಮಂದಿ ಇದ್ದಾರೆ. ಆ ಕವಿಗೆ ನಮ್ಮ ಕಡೆಯ ಹಳ್ಳಿ ಸಭೆಗಳ ಬಗ್ಗೆ ಇಷ್ಟು ಗಟ್ಟಿಯಾದ ಅಭಿಪ್ರಾಯ ಇತ್ತೆಂದು ತಿಳಿದವರು ಕಡಿಮೆ.

ತಾಯಿಸಭೆಯ ಮುನಿಸು

ಐಕ್ಯಕ್ಕೆ ಸೇರಿದ ದಿನವೇ ಹಾಲಿಸ್ ಅವರು ಆಂಗ್ಲಿಕನ್ ಬಳಗದಿಂದ ಹೊರಗಿನವರಾದರು. ಅವರನ್ನು ಭಾರತಕ್ಕೆ ಕಳಿಸಿದ ಎಸ್.ಪಿ.ಜಿ. ಸಂಸ್ಥೆಯೇ ತನ್ನ ಸಾಮಾನ್ಯ ನಿಧಿಯಿಂದ ಹೊಸ ಸಭೆಗೆ ನೆರವು ಕೊಡುವುದನ್ನು ನಿಲ್ಲಿಸಿ, ಕೊಡಬಯಸುವವರಿಗಾಗಿ ಬೇರೆ ಖಾತೆ ತೆರೆಯಿತು. ಆಂಧ್ರದ ನಂದ್ಯಾಲ ಸೀಮೆಯ ಆಂಗ್ಲಿಕನರಲ್ಲಿ ದೊಡ್ಡ ಗುಂಪೊಂದು ಹೊಸ ಸಭೆಗೆ ಬರಲೊಪ್ಪದೆ ಪ್ರತ್ಯೇಕವಾಗಿ ಉಳಿಯಿತು. ಅವರು ಸೇರಿದ್ದು ಎಷ್ಟೋ ವರ್ಷಗಳ ನಂತರ.

1948ರ ಮಾರ್ಚಿನಲ್ಲಿ ಕೂಡಿದ ಮೊದಲ ಸಿನೊಡ್ ಹಾಲಿಸ್ ಅವರನ್ನು ಮಾಡರೇಟರ್ ಆಗಿ ಆರಿಸಿತು. ಅದೇ ವರ್ಷ ಲಂಡನ್ನಿನಲ್ಲಿ ಜಗತ್ತಿನ ಆಂಗ್ಲಿಕನ್ ಬಿಷಪರ ಲ್ಯಾಂಬೆತ್ ಸಮ್ಮೇಳನ ನಡೆಯಿತು. ದಕ್ಷಿಣ ಭಾರತದಲ್ಲಿ ಐಕ್ಯದ ದಿನ ಮತ್ತು ಆಮೇಲೆ ದೀಕ್ಷೆ ಹೊಂದಿದ ಬಿಷಪರನ್ನೂ ಗುರುಗಳನ್ನೂ ನಿಜವಾದ ಬಿಷಪರು, ಗುರುಗಳೆಂದು ಒಪ್ಪಬೇಕೆ ಎಂಬುದರ ಮೇಲೆ ಆ ಸಮ್ಮೇಳನಕ್ಕೆ ಒಮ್ಮತ ಸಿಗಲಿಲ್ಲ. ಬಹುಮಂದಿ ಒಪ್ಪಿದರು; ಗಣನೀಯ ಸಂಖ್ಯೆಯವರು ಈಗಲೇ ಹೇಳಲಾಗದು ಎಂದರು. 1955ರಲ್ಲಿ ಕ್ಯಾಂಟರ್ಬರಿ ಮತ್ತು ಯಾರ್ಕಿನ ಗುರುಸಭೆಗಳು ಸಿ.ಎಸ್.ಐ.ಯಲ್ಲಿ ಬಿಷಪರಿಂದ ದೀಕ್ಷೆ ಪಡೆದವರನ್ನು ಮಾನ್ಯ ಮಾಡಿ, ಮಿತವಾದ ಸಹಭಾಗಿತ್ವಕ್ಕೆ ದಾರಿ ಮಾಡಿದವು. ಆ ಹೊತ್ತಿಗೆ ಹಾಲಿಸ್ ಮಾಡರೇಟರ್ ಆಗಿರಲಿಲ್ಲ.

ಅವರ ಆರು ವರ್ಷಗಳ ಮಾಡರೇಟರ್ ಅವಧಿಯಲ್ಲಿ ನಡೆದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ಮೊದಲನೆಯದು ಒಂದು ಸಣ್ಣ ಪದದ ವಿಚಾರ. ಹೊಸ ಸಭೆಯಲ್ಲಿ ಬಿಷಪರನ್ನು ‘ಮದರಾಸಿನ ಬಿಷಪ್’ ಎನ್ನದೆ ‘ಮದರಾಸಿನಲ್ಲಿರುವ ಬಿಷಪ್’ ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬರೆಯುವ ರೂಢಿ ಬಂತು. ಮೈಸೂರಿಗೂ ಹಾಗೆಯೇ. ಊರು ಬಿಷಪರದಲ್ಲ, ಬಿಷಪರು ಆ ಊರಲ್ಲಿ ಸೇವೆಗೆ ಇರುವವರು ಎಂಬ ಭಾವನೆ. ಕನ್ನಡದಲ್ಲಿ ‘ಇನ’ ಮತ್ತು ‘ಇನಲ್ಲಿ’ ನಡುವಿನ ವ್ಯತ್ಯಾಸ ಅಷ್ಟೇ. ಆದರೆ ಹಾಲಿಸ್ ಮುಂದೆ ಬರೆದದ್ದರ ಬೀಜ ಆ ವ್ಯತ್ಯಾಸದಲ್ಲೇ ಇದೆ.

ಎರಡನೆಯದು ಪ್ರಭುಭೋಜನದ ಹೊಸ ವಿಧಿ. 1950ರ ಜನವರಿಯಲ್ಲಿ ಮದರಾಸಿನ ಸಿನೊಡ್‌ನಲ್ಲಿ ಇದನ್ನು ಮೊದಲು ನಡೆಸಿದರು. ಗುರುಗಳು ಮೇಜಿನ ಹಿಂದೆ ಜನರ ಕಡೆಗೆ ಮುಖಮಾಡಿ ನಿಂತರು. ರೊಟ್ಟಿ, ದ್ರಾಕ್ಷಾರಸವನ್ನು ಜನರ ನಡುವಿನಿಂದ ಮೆರವಣಿಗೆಯಲ್ಲಿ ತಂದರು. ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಹಿಂದಿನಿಂದ ಇದ್ದಂತೆ ಶಾಂತಿಯನ್ನು ಅಂಗೈಯಿಂದ ಅಂಗೈಗೆ, ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಇದೆಲ್ಲ ಇಂದು ನಮ್ಮ ಬಲಿಪೂಜೆಯಲ್ಲಿ ಎಷ್ಟು ಸಹಜ ಎಂದರೆ, ಹೊಸತೇನು ಎಂದು ಕೇಳಬಹುದು. ಆದರೆ ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಬಗ್ಗೆ ತನ್ನ ದಸ್ತಾವೇಜು ಹೊರಡಿಸಿದ್ದು 1963ರ ಡಿಸೆಂಬರಿನಲ್ಲಿ. ಮದರಾಸಿನ ಆ ವಿಧಿ ಅದಕ್ಕಿಂತ ಹದಿಮೂರು, ಹದಿನಾಲ್ಕು ವರ್ಷ ಹಿಂದಿನದು. ಬೇರೆ ಬೇರೆ ಪಂಗಡಗಳ ಆರಾಧನಾ ಪಂಡಿತರು ಆ ವಿಧಿಯನ್ನು ಆಸಕ್ತಿಯಿಂದ ಓದಿದರು.

ಬೆಂಗಳೂರಿನ ಐದು ವರ್ಷ

1954ರಲ್ಲಿ ಹಾಲಿಸ್ ಮಾಡರೇಟರ್ ಹುದ್ದೆಯನ್ನೂ ಮದರಾಸಿನ ಪೀಠವನ್ನೂ ಬಿಟ್ಟರು. ಆಗ ಅವರಿಗೆ 55 ವರ್ಷ. ಅವರ ನಂತರ ಮಾಡರೇಟರ್ ಆದವರು ಬಿಷಪ್ ಹೊಸಪೇಟ್ ಸುಮಿತ್ರ. ನಮ್ಮ ಬಳ್ಳಾರಿ ಕಡೆಯ ಊರಿನ ಹೆಸರನ್ನೇ ಹೊತ್ತ ಇವರು ಆ ಪದವಿಗೇರಿದ ಪ್ರಥಮ ಭಾರತೀಯರು. 1962ರ ವರೆಗೆ ಮುಂದುವರಿದರು. ಮದರಾಸಿನ ಪೀಠಕ್ಕೂ ಭಾರತೀಯರೇ ಆದ ಡೇವಿಡ್ ಚೆಲ್ಲಪ್ಪ ಬಂದರು.

ಬಿಳಿಯ ಬಿಷಪರು ಪೀಠ ಬಿಟ್ಟರೆ ಹಡಗು ಹತ್ತಿ ಊರಿಗೆ ಹೋಗುವುದು ವಾಡಿಕೆ. ಹಾಲಿಸ್ ಹತ್ತಲಿಲ್ಲ. 1955ರಲ್ಲಿ ಬೆಂಗಳೂರಿಗೆ ಬಂದು ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಧರ್ಮಸಭೆಯ ಇತಿಹಾಸ ಕಲಿಸುವ ಮೇಷ್ಟರಾದರು. ಈ ಕಾಲೇಜು 1910ರಲ್ಲಿ ಹಲವು ಪ್ರೊಟೆಸ್ಟಂಟ್ ಮಿಶನ್‌ಗಳು ಕೂಡಿ ಆರಂಭಿಸಿದ್ದು. ಅದಕ್ಕೆ 1954ರಲ್ಲಿ ಮೊತ್ತಮೊದಲ ಭಾರತೀಯ ಪ್ರಿನ್ಸಿಪಾಲರು ಬಂದಿದ್ದರು: ಜೆ. ರಸ್ಸೆಲ್ ಚಂದ್ರನ್, 1918ರಲ್ಲಿ ಹುಟ್ಟಿದವರು. ಅಂದರೆ ನಿನ್ನೆ ತನಕ ಇಡೀ ದಕ್ಷಿಣ ಭಾರತ ಸಭೆಯ ಮುಖ್ಯಸ್ಥರಾಗಿದ್ದವರು ಇಂದು ತಮಗಿಂತ 19 ವರ್ಷ ಕಿರಿಯರಾದ ಭಾರತೀಯ ಪ್ರಿನ್ಸಿಪಾಲರ ಕೈಕೆಳಗೆ ಟೈಮ್‌ಟೇಬಲ್ ಪ್ರಕಾರ ಪಾಠ ಹೇಳುವವರಾದರು. ಅವರ ಜೀವನಕಥೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲವೆಂದು ಈ ಲೇಖಕನ ಅಭಿಪ್ರಾಯ.

ಆ ವರ್ಷಗಳ ಬೆಂಗಳೂರು ಧರ್ಮಶಾಸ್ತ್ರದ ದೃಷ್ಟಿಯಿಂದ ಚುರುಕಾದ ಊರು. ಪಿ. ಡಿ. ದೇವನಂದನ್ ಮತ್ತು ಎಂ. ಎಂ. ಥಾಮಸ್ ಸೇರಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆಯೊಂದನ್ನು 1957ರಲ್ಲಿ ಇಲ್ಲೇ ಆರಂಭಿಸಿದರು. ಸೀರೊ-ಮಲಬಾರ್ ಸಿ.ಎಂ.ಐ. ಗುರುಗಳ ಧರ್ಮಾರಾಮ್ ಕಾಲೇಜು ಅದೇ ವರ್ಷ ಬೆಂಗಳೂರಿಗೆ ಬಂತು. ಮಲ್ಲೇಶ್ವರದಲ್ಲಿ ನಮ್ಮ ಸಂತ ಪೇತ್ರರ ಗುರುಮಠ ಮೊದಲೇ ಇತ್ತು. ಮಲ್ಲೇಶ್ವರದಿಂದ ಮಿಲ್ಲರ್ಸ್ ರಸ್ತೆಗೆ ಸೈಕಲ್ಲಿನಲ್ಲಿ ಹೋಗಬಹುದು. ಆದರೆ 1917ರ ಧರ್ಮಸಭೆಯ ಕಾನೂನು ಕಥೋಲಿಕರು ಬೇರೆ ಕ್ರೈಸ್ತರ ಆರಾಧನೆಯಲ್ಲಿ ಪಾಲ್ಗೊಳ್ಳುವುದನ್ನು ನಿಷೇಧಿಸಿತ್ತು. ಕ್ರೈಸ್ತ ಐಕ್ಯದ ಬಗೆಗಿನ ವ್ಯಾಟಿಕನ್ ದಸ್ತಾವೇಜು ಬಂದದ್ದು 1964ರ ನವೆಂಬರಿನಲ್ಲಿ. ಆ ದಸ್ತಾವೇಜು ರೋಮಿನಿಂದ ಬೇರ್ಪಟ್ಟ ಸಭೆಗಳ ಪೈಕಿ ಆಂಗ್ಲಿಕನ್ ಬಳಗಕ್ಕೆ ವಿಶೇಷ ಸ್ಥಾನವಿದೆಯೆಂದು ಹೇಳುತ್ತದೆ. ಹಾಲಿಸ್ ಅಷ್ಟರಲ್ಲಿ ಬೆಂಗಳೂರು ಬಿಟ್ಟಾಗಿತ್ತು.

‘ಪೆಟರ್ನಲಿಸಂ ಅಂಡ್ ದ ಚರ್ಚ್’

1962ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿದ ಈ ಪುಸ್ತಕ ಹಾಲಿಸ್ ಅವರ ಮುಖ್ಯ ಕೃತಿ. ದಕ್ಷಿಣ ಭಾರತದ ಸಭೆಗಳ ಇತಿಹಾಸವೇ ಅದರ ವಿಷಯ. ಹೆಸರಿನ ಮೊದಲ ಪದಕ್ಕೆ ಕನ್ನಡದಲ್ಲಿ ಒಂದೇ ಮಾತು ಹುಡುಕುವುದು ಕಷ್ಟ. ಮಕ್ಕಳು ದೊಡ್ಡವರಾದ ಮೇಲೂ ಮನೆಯ ಬೀಗದಕೈ ಕೊಡದ ತಂದೆಯ ರೀತಿ ಎನ್ನಬಹುದು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಒಕ್ಕಲಿನವನ ಮೇಲೆ ಒಳ್ಳೆಯ ಧಣಿಗೆ ಇರುವ ಪ್ರೀತಿ. ಪ್ರೀತಿ ಹೌದು, ಆದರೆ ಜಾಗ ಧಣಿಯದೇ.

ಹಾಲಿಸ್ ಅವರ ವಾದವನ್ನು ಸರಳವಾಗಿ ಹೀಗೆ ಹೇಳಬಹುದು. ಮಿಶನರಿಗಳು ಕೆಟ್ಟವರಾದ್ದರಿಂದ ಭಾರತದ ಸಭೆ ಸೊರಗಲಿಲ್ಲ. ಅವರಲ್ಲಿ ಅನೇಕರು ಒಳ್ಳೆಯವರು, ಜನರಿಗಾಗಿ ಜೀವ ಸವೆಸಿದವರು. ಸೊರಗಿದ್ದು, ಎಲ್ಲವನ್ನೂ ಅವರೇ ಮಾಡಿಕೊಟ್ಟದ್ದರಿಂದ. ಹಣ ಹೊರಗಿನಿಂದ ಬಂತು, ಸಂಬಳ ಕೊಡುವವರು ಮಿಶನಿನವರು, ಯಾರನ್ನು ಪಾಸ್ಟರ್ ಮಾಡಬೇಕೆಂದು ತೀರ್ಮಾನಿಸುವವರೂ ಅವರೇ. ಕ್ರೈಸ್ತರಾದವರು ತಮ್ಮ ಸಭೆಯನ್ನು ತಮ್ಮದೆಂದು ಕಾಣುವ ಬದಲು, ತಮ್ಮನ್ನು ನೋಡಿಕೊಳ್ಳುವ ಯಾರದೋ ಸಂಸ್ಥೆಯೆಂದು ಕಾಣಲು ಕಲಿತರು. ಒಂದೇ ಊರಿನಲ್ಲಿ ‘ಮಿಶನ್’ ಬೇರೆ, ‘ಸಭೆ’ ಬೇರೆ ಆಯಿತು. ಬಂಗ್ಲೆ, ಶಾಲೆ, ಆಸ್ಪತ್ರೆ ಮೊದಲನೆಯದರ ಪಾಲಿಗೆ, ಪ್ರಾರ್ಥನೆ ಎರಡನೆಯದರ ಪಾಲಿಗೆ.

ಇದರ ಪರಿಣಾಮ ಬಲಿಪೀಠದ ವರೆಗೂ ಮುಟ್ಟಿತು. ಪಾಸ್ಟರ್ ಆಗಲು ಬೇಕಾದ ಓದು ಪಾಶ್ಚಾತ್ಯ ಮಾದರಿಯದು, ಸಂಬಳ ಹಳ್ಳಿಯವರ ಕೈಗೆ ಎಟುಕದ್ದು. ಹೀಗಾಗಿ ಒಬ್ಬ ದೀಕ್ಷಿತ ಪಾಸ್ಟರರ ಪಾಲಿಗೆ ಹತ್ತಾರು ಹಳ್ಳಿಗಳು. ಪ್ರತಿ ಆದಿತ್ಯವಾರ ಪ್ರಾರ್ಥನೆ ನಡೆಸುವವರು ಕಡಿಮೆ ಸಂಬಳದ ಉಪದೇಶಿ. ಪ್ರಭುಭೋಜನ ಸಿಗುವುದು ಪಾಸ್ಟರ್ ಬಂದಾಗ ಮಾತ್ರ. ಊರಿನ ಹಿರಿಯರೊಬ್ಬರನ್ನು ಅವರ ಬೇಸಾಯ ಬಿಡಿಸದೆ ಏಕೆ ಗುರುಗಳನ್ನಾಗಿ ಮಾಡಬಾರದು ಎಂಬ ಪ್ರಶ್ನೆಯನ್ನು ಚೀನಾದಲ್ಲಿ ದುಡಿದ ಆಂಗ್ಲಿಕನ್ ಮಿಶನರಿ ರೋಲಂಡ್ ಆಲನ್ ಬಹಳ ಹಿಂದೆಯೇ ಎತ್ತಿದ್ದರು. ಅದಕ್ಕೆ ಆಗ ಕಿವಿಗೊಟ್ಟವರು ಕಡಿಮೆ.

ಕರಾವಳಿಯ ನಮಗೆ ಈ ಕಥೆ ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಜಾತಿಯಿಂದ ಹೊರಹಾಕಲ್ಪಟ್ಟು ಉದ್ಯೋಗ ಕಳೆದುಕೊಂಡ ಹೊಸ ಕ್ರೈಸ್ತರಿಗಾಗಿ ನೇಯ್ಗೆ ಶಾಲೆ, ಮುದ್ರಣಾಲಯ, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅದು ನಿಜವಾದ ಉಪಕಾರ. ಅದೇ ಹೊತ್ತಿಗೆ ಒಬ್ಬ ಮನುಷ್ಯನಿಗೆ ಉಪದೇಶ ಕೊಡುವವರು, ಕೂಲಿ ಕೊಡುವವರು, ಮನೆಯ ಜಾಗ ಕೊಡುವವರು ಎಲ್ಲ ಒಂದೇ ಮಿಶನಿನವರಾದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು ದೇಶ ಬಿಡಿಸಿ, ಕಾರ್ಖಾನೆಗಳನ್ನು ವಶಪಡಿಸಿಕೊಂಡಾಗ, ಸಭೆ ಇದ್ದಕ್ಕಿದ್ದಂತೆ ತನ್ನ ಕಾಲ ಮೇಲೆ ನಿಲ್ಲಬೇಕಾಯಿತು. ಹಾಲಿಸ್ ಹೇಳುವ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ನಮ್ಮ ಧರ್ಮಸಭೆಯನ್ನೂ ಈ ಕನ್ನಡಿಯಲ್ಲಿ ನೋಡಿಕೊಂಡರೆ ತಪ್ಪೇನಿಲ್ಲ. ಮಂಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1886ರಲ್ಲಿ. ಇಟಲಿಯ ಯೇಸುಸಭೆಯ ಗುರುಗಳು ಇಲ್ಲಿ ಮಾಡಿದ ಸೇವೆಯನ್ನು ಯಾರೂ ಮರೆಯಲಾರರು. ಆದರೂ ಊರಿನವರೇ ಆದ ಧರ್ಮಾಧ್ಯಕ್ಷರು, ವಲೇರಿಯನ್ ಡಿಸೋಜ, ಬರಲು 1928 ಆಗಬೇಕಾಯಿತು. ಲ್ಯಾಟಿನ್ ವಿಧಿಯ ಧರ್ಮಪ್ರಾಂತ್ಯವೊಂದಕ್ಕೆ ಈ ಕಾಲದಲ್ಲಿ ಭಾರತೀಯ ಧರ್ಮಾಧ್ಯಕ್ಷರು ಬಂದದ್ದೇ 1923ರಲ್ಲಿ, ತೂತುಕುಡಿಯಲ್ಲಿ. ನಮ್ಮಲ್ಲಿ ಆ ಬಳಿಕ ಹಿಂದಿರುಗಿ ನೋಡಿದ್ದಿಲ್ಲ ಎಂಬುದೂ ಹೇಳತಕ್ಕ ಮಾತೇ.

ಪುಸ್ತಕದ ಮೇಲೆ ಒಂದು ಆಕ್ಷೇಪವನ್ನು ಓದುಗರು ಎತ್ತಬಹುದು. ಹನ್ನೆರಡು ವರ್ಷ ಬಿಷಪರ ಬಂಗ್ಲೆಯಲ್ಲಿದ್ದವರು, ಸ್ವತಃ ಮಿಶನ್ ಸಂಸ್ಥೆಯ ಮೂಲಕ ಬಂದವರು, ಅಧಿಕಾರ ಬಿಟ್ಟ ಮೇಲೆ ಅಧಿಕಾರದ ದೋಷ ಹೇಳುವುದು ಸುಲಭವಲ್ಲವೆ? ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ಆದರೆ ಹಾಲಿಸ್ ದೂರದಲ್ಲಿ ಕುಳಿತು ಬರೆದವರಲ್ಲ. ನಾಜರೇತಿನ ಗುರುಮಠದಲ್ಲಿ ಉಪದೇಶಿಗಳಿಗೆ ಕಲಿಸಿ, ಮದರಾಸಿನಲ್ಲಿ ಪಾಸ್ಟರುಗಳಿಗೆ ದೀಕ್ಷೆ ಕೊಟ್ಟು, ತಾವು ಟೀಕಿಸುವ ವ್ಯವಸ್ಥೆಯ ಪ್ರತಿ ಮೆಟ್ಟಿಲಲ್ಲೂ ನಿಂತು ಬಂದವರು. ಬೆಂಗಳೂರಿನಲ್ಲಿ ಭಾರತೀಯ ಪ್ರಿನ್ಸಿಪಾಲರ ಕೆಳಗೆ ಐದು ವರ್ಷ ದುಡಿದ ಮೇಲೆ ಈ ಪುಸ್ತಕ ಬಂತು. ಮೊದಲು ನಡೆದು ಆಮೇಲೆ ಬರೆದರು.

ಕಡೆಯ ವರ್ಷಗಳು

1960ರಲ್ಲಿ ಹಾಲಿಸ್ ಇಂಗ್ಲೆಂಡಿಗೆ ಮರಳಿದರು. ಯಾರ್ಕ್‌ಶಯರಿನ ಟಾಡ್ವಿಕ್ ಎಂಬ ಹಳ್ಳಿಯಲ್ಲಿ ಧರ್ಮಕೇಂದ್ರದ ಗುರುಗಳಾದರು. ಹದಿಮೂರು ವರ್ಷ ಹಿಂದೆ ಸಂದೇಹದಿಂದ ನೋಡಿದ್ದ ತಾಯಿಸಭೆ ಅವರನ್ನು ಶೆಫೀಲ್ಡ್‌ನಲ್ಲಿ, ಬಳಿಕ ಸಫೋಕಿನ ಸೈಂಟ್ ಎಡ್ಮಂಡ್ಸ್‌ಬರಿ ಮತ್ತು ಇಪ್ಸ್‌ವಿಚ್ ಧರ್ಮಪ್ರಾಂತ್ಯದಲ್ಲಿ ಸಹಾಯಕ ಬಿಷಪರನ್ನಾಗಿ ಬಳಸಿಕೊಂಡಿತು.

ಈ ಅವಧಿಯಲ್ಲಿ ಇನ್ನೆರಡು ಪುಸ್ತಕಗಳು ಬಂದವು. ‘ದ ಸಿಗ್ನಿಫಿಕನ್ಸ್ ಆಫ್ ಸೌತ್ ಇಂಡಿಯಾ’ (1966) ಸಿ.ಎಸ್.ಐ.ಯ ಮೊದಲ ಸುಮಾರು ಇಪ್ಪತ್ತು ವರ್ಷಗಳನ್ನು ನೋಡಿ, ಬೇರೆ ಸಭೆಗಳು ಅದರಿಂದ ಏನು ಕಲಿಯಬಹುದೆಂದು ವಿಚಾರಿಸುತ್ತದೆ. ‘ಮಿಶನ್, ಯೂನಿಟಿ ಅಂಡ್ ಟ್ರೂತ್’ (1967) ಆಂಗ್ಲಿಕನ್, ಲೂಥರನ್, ಮೆಥೊಡಿಸ್ಟ್ ಎಂಬಂಥ ಜಾಗತಿಕ ಪಂಗಡಗಳ ಕೂಟಗಳನ್ನು ಏಷ್ಯಾದ ಸಭೆಗಳ ದೃಷ್ಟಿಯಿಂದ ಪರಿಶೀಲಿಸುತ್ತದೆ. ನೆರೆಯ ಕ್ರೈಸ್ತನಿಗಿಂತ ಸಾವಿರಾರು ಮೈಲಿ ದೂರದ ಪಂಗಡದ ಕಚೇರಿಯೊಂದಿಗೆ ಹೆಚ್ಚು ಸಂಬಂಧ ಇಟ್ಟುಕೊಳ್ಳುವ ಸಭೆ, ತನ್ನ ಊರಿನಲ್ಲಿ ಒಂದಾಗುವುದು ಕಷ್ಟ ಎಂಬ ಚಿಂತೆ ಅದರ ಹಿಂದಿದೆ. ಮೊದಲ ಪುಸ್ತಕದಷ್ಟು ಇವು ಓದಲ್ಪಡಲಿಲ್ಲ.

ಅವರು ಕಲಿಸಿದ ಕಾಲೇಜು ಇಂದಿಗೂ ಮಿಲ್ಲರ್ಸ್ ರಸ್ತೆಯಲ್ಲಿದೆ. ಅದರ ಗ್ರಂಥಾಲಯ ಮತ್ತು ದಾಖಲೆ ವಿಭಾಗದಲ್ಲಿ ದಕ್ಷಿಣ ಭಾರತದ ಮಿಶನ್‌ಗಳ ಹಳೆಯ ಕಾಗದಪತ್ರಗಳು ಸಾಕಷ್ಟು ಸಿಗುತ್ತವೆ. ನಮ್ಮ ಕಡೆಯಿಂದ ಹೋಗಿ ಬೆಂಗಳೂರಿನ ಪಶ್ಚಿಮಕ್ಕೆ, ಕೆಂಗೇರಿ, ವಿಜಯನಗರ, ಉಲ್ಲಾಳದ ಸುತ್ತಮುತ್ತ ನೆಲೆಸಿದವರಿಗೆ (ಇದು ನೇತ್ರಾವತಿ ಆಚೆಯ ನಮ್ಮ ಉಳ್ಳಾಲವಲ್ಲ, ಜ್ಞಾನಭಾರತಿಯ ಆಚೆಯ ಉಲ್ಲಾಳ) ಅದು ಊರಿನ ಇನ್ನೊಂದು ದಿಕ್ಕು. ಆದರೂ ತಮ್ಮ ಧರ್ಮಕೇಂದ್ರದ ಇತಿಹಾಸ ಬರೆಯಹೊರಟ ಯುವಜನರು ಒಂದು ದಿನ ಬಿಡುವು ಮಾಡಿಕೊಂಡು ಹೋಗಿಬರಬಹುದಾದ ಜಾಗ. ಕನ್ನಡದಲ್ಲೇ ಧರ್ಮಶಾಸ್ತ್ರ ಓದಬೇಕೆನ್ನುವವರಿಗೆ ಮಂಗಳೂರಿನ ಬಲ್ಮಠದಲ್ಲಿ 1965ರಲ್ಲಿ ಆರಂಭವಾದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ.

ಜಗದ್ಗುರು ಎರಡನೇ ಜಾನ್ ಪಾಲ್ ಅವರು ಮಂಗಳೂರಿಗೆ ಬಂದುಹೋದ 1986ರಲ್ಲೇ ಬಿಷಪ್ ಹಾಲಿಸ್ ಇಂಗ್ಲೆಂಡಿನಲ್ಲಿ ದೈವಾಧೀನರಾದರು. ಎರಡು ವರ್ಷದ ನಂತರ, 1988ರ ಲ್ಯಾಂಬೆತ್ ಸಮ್ಮೇಳನಕ್ಕೆ ದಕ್ಷಿಣ ಭಾರತ ಸಭೆಯ ಬಿಷಪರು ಮೊದಲ ಬಾರಿ ಪೂರ್ಣ ಸದಸ್ಯರಾಗಿ ಹೋದರು. ಕಾನ್‌ಸ್ಟನ್ಸ್ ಮಿಲಿಂಗ್ಟನ್ ಅವರು ಬರೆದ ಹಾಲಿಸ್ ಅವರ ಜೀವನಚರಿತ್ರೆ 1996ರಲ್ಲಿ ಪ್ರಕಟವಾಯಿತು, ಅದೂ ಬೆಂಗಳೂರಿನಿಂದ.